ಗೇಟಿನಿಂದ ಮೈದಾನದವರೆಗೆ

ಕೇಳುಗರಿಗೆ ನಮಸ್ಕಾರ.

ಬಳ್ಳಾರಿ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 31 ವರ್ಷ ಸೀಟಿ ಊದಿ ನಿವೃತ್ತನಾದವನು ನಾನು. ಹೆಸರು ಹಿಡಿದು ಕೂಗಿದರೆ ಒಮ್ಮೊಮ್ಮೆ ಕೇಳಿಸುವುದಿಲ್ಲ, ‘ಪಿ.ಟಿ. ಸರ್’ ಎಂದರೆ ತಕ್ಷಣ ತಿರುಗುತ್ತೇನೆ. ಕ್ರೀಡೆಯ ಬಗ್ಗೆ ಹದಿನೈದು ನಿಮಿಷ ಮಾತಾಡಿ ಎಂದು ಬಾನುಲಿಯವರು ಕೇಳಿದರು. ಖೋ-ಖೋ ನಿಯಮಗಳನ್ನೋ ವಾಲಿಬಾಲ್ ಅಂಕಣದ ಅಳತೆಯನ್ನೋ ಹೇಳುತ್ತಾನೆ ಎಂದುಕೊಂಡಿದ್ದರೇನೋ. ನಾನು ಒಂದು ಟಿ.ವಿ. ಧಾರಾವಾಹಿಯ ಮಾತು ಎತ್ತಿಕೊಂಡೆ, ಅದೂ ಇಂಗ್ಲಿಷಿನದು. ಅದರ ಕೊನೆಯದೆಂದು ನಂಬಿದ್ದ ಸೀಸನ್ ನಮ್ಮ ಮನೆಯಲ್ಲಿ ಎಬ್ಬಿಸಿದಷ್ಟು ಜಗಳವನ್ನು ನಮ್ಮ ಅಣ್ಣತಮ್ಮಂದಿರ ಹೊಲದ ಪಾಲು ಕೂಡ ಎಬ್ಬಿಸಿರಲಿಲ್ಲ.

ಧಾರಾವಾಹಿಯ ಹೆಸರು ‘ಟೆಡ್ ಲಾಸೊ’. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು. ಅದನ್ನು ಕಾನ್ಸಸ್ ಎಂಬ ಕಡೆ ಕಲಿಸುತ್ತಿದ್ದ ಟೆಡ್ ಎಂಬ ಕೋಚನ್ನು ಲಂಡನ್ನಿನ ರಿಚ್ಮಂಡ್ ಎಂಬ ಫುಟ್‌ಬಾಲ್ ಕ್ಲಬ್ಬಿಗೆ ಕರೆಸುತ್ತಾರೆ. ಅವನಿಗೆ ಆಫ್‌ಸೈಡ್ ಎಂಬ ಮೂಲ ನಿಯಮ ಸಹ ಗೊತ್ತಿಲ್ಲ. ಕರೆಸಿದವಳು ಕ್ಲಬ್ಬಿನ ಒಡತಿ ರೆಬೆಕಾ. ಬಿಟ್ಟುಹೋದ ಗಂಡನಿಗೆ ಪ್ರಾಣದಂತಿದ್ದ ಕ್ಲಬ್ಬನ್ನು ಮುಳುಗಿಸಿ ಸೇಡು ತೀರಿಸಿಕೊಳ್ಳಲು ಅವಳಿಗೊಬ್ಬ ದಡ್ಡ ಬೇಕಾಗಿದ್ದ. ಬಂದವನು ದಡ್ಡನಲ್ಲ ಎಂದು ಅವಳಿಗೆ ತಿಳಿಯುವುದೇ ಮೊದಲ ಸೀಸನ್ನಿನ ಕಥೆ. 2013ರಲ್ಲಿ ಅಮೆರಿಕದ ಎನ್‌ಬಿಸಿ ಕ್ರೀಡಾ ವಾಹಿನಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪ್ರಸಾರಕ್ಕೆ ಜನರನ್ನು ಸೆಳೆಯಲು ನಟ ಜೇಸನ್ ಸುಡೇಕಿಸ್ ಅವರಿಂದ ಒಂದು ತಮಾಷೆಯ ಜಾಹೀರಾತು ಮಾಡಿಸಿತ್ತು. ಅದರಲ್ಲಿದ್ದ ಟೆಡ್ ಪಾತ್ರವೇ ಬೆಳೆದು 2020ರ ಆಗಸ್ಟ್‌ನಲ್ಲಿ ಧಾರಾವಾಹಿಯಾಯಿತು. ಲೋಕವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದ ವರ್ಷ ಅದು. ಒಳ್ಳೆಯ ಮಾತಾಡುವ ಮನುಷ್ಯನೊಬ್ಬ ಪರದೆಯ ಮೇಲೆ ಕಂಡರೂ ಸಾಕು ಎನ್ನುವಂತಿತ್ತು. 2021 ಮತ್ತು 2022ರಲ್ಲಿ ಸಾಲಾಗಿ ಎರಡು ಸಲ ಅತ್ಯುತ್ತಮ ಹಾಸ್ಯ ಧಾರಾವಾಹಿಯ ಎಮ್ಮಿ ಪ್ರಶಸ್ತಿ ಬಂತು.

ನನಗೆ ಇದನ್ನು ತೋರಿಸಿದವಳು ಸೊಸೆ. ಬ್ಯಾಂಕಿನಲ್ಲಿ ಕೆಲಸ, ಕಾಲೇಜಿನಲ್ಲಿದ್ದಾಗ ಖೋ-ಖೋ ಆಡಿದವಳು. ‘ಮಾವ, ಇದರಲ್ಲಿ ನಿಮ್ಮಂಥವರೇ ಒಬ್ಬರಿದ್ದಾರೆ, ನೋಡಿ’ ಎಂದಳು. ನನಗೆ ಆ ಇಂಗ್ಲಿಷ್ ಉಚ್ಚಾರ ಅರ್ಧ ಹಿಡಿಯುವುದಿಲ್ಲ. ರಿಮೋಟ್ ಒತ್ತಿ ನಿಲ್ಲಿಸಿ ಅವಳು ಅರ್ಥ ಹೇಳಬೇಕು. ರಾಯ್ ಕೆಂಟ್ ಎಂಬ ಹಳೆಯ ಆಟಗಾರ ಬಾಯಿ ತೆರೆದಾಗ ಮಾತ್ರ, ‘ಇದಕ್ಕೆ ಅರ್ಥ ಹೇಳುವುದಿಲ್ಲ ಮಾವ’ ಎಂದು ಮುಂದಕ್ಕೆ ಓಡಿಸುತ್ತಿದ್ದಳು. ಅವನು ಬಾಯಿ ತೆರೆಯದ ಗಳಿಗೆಯೇ ಕಡಿಮೆ. ಜೊತೆಗೆ ಪಿಯುಸಿ ಓದುವ ಮೊಮ್ಮಗ. ಜೊತೆಗೆ ಎದುರು ಮನೆಯ ಜೀನ್ಸ್ ಹೊಲಿಗೆಯವರು. ಎಂಟು ಮಿಷನ್ ಇಟ್ಟುಕೊಂಡು ದೊಡ್ಡ ಗಿರಾಕಿಗಳಿಗೆ ಪ್ಯಾಂಟ್ ಹೊಲಿದು ಕೊಡುವವರು. ಬರುವಾಗ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದರು. ಹಾಗಾಗಿ ಅವರ ಅಭಿಪ್ರಾಯಕ್ಕೆ ನಮ್ಮ ಮನೆಯಲ್ಲಿ ತೂಕ ಹೆಚ್ಚು.

ಮೂರನೆಯ ಸೀಸನ್ನು, ಆಗ ಎಲ್ಲರೂ ಕೊನೆಯದೆಂದೇ ನಂಬಿದ್ದದ್ದು, 2023ರ ಮಾರ್ಚ್ 15ರಿಂದ ಮೇ 31ರವರೆಗೆ ಬುಧವಾರಕ್ಕೊಂದು ಕಂತಿನಂತೆ ಹನ್ನೆರಡು ಕಂತು ಬಂತು. ಬಳ್ಳಾರಿಯ ಏಪ್ರಿಲ್, ಮೇ ಎಂದರೆ ನಿಮಗೆ ಗೊತ್ತೇ ಇದೆ. ಬೆಳಗಿನಿಂದ ಕಾದ ಬಂಡೆಗುಡ್ಡ ರಾತ್ರಿ ಹತ್ತರವರೆಗೆ ಬಿಸಿಯುಸಿರು ಬಿಡುತ್ತಿರುತ್ತದೆ. ಒಳಗೆ ಕೂರುವುದಕ್ಕೆ ಆಗದೆ ಟಿ.ವಿ.ಯನ್ನೇ ಮಾಳಿಗೆಗೆ ಹೊತ್ತುಕೊಂಡು ಹೋದೆವು. ಅದೇ ಮೇ ತಿಂಗಳಲ್ಲಿ ವಿಧಾನಸಭೆಯ ಚುನಾವಣೆ. 13ರಂದು ರಾಜ್ಯದ ಮತ ಎಣಿಕೆ ಮುಗಿಯಿತು, ನಮ್ಮ ಮಾಳಿಗೆಯ ಎಣಿಕೆ ಇನ್ನೂ ಮುಗಿದಿಲ್ಲ.

ಮೊದಲ ದೂರು ಹೊಲಿಗೆಯವರದು. ಮೊದಲ ಸೀಸನ್ನಿನಲ್ಲಿ ಒಂದು ಕಂತು ಅರ್ಧ ಗಂಟೆಯ ಆಸುಪಾಸು ಮುಗಿಯುತ್ತಿತ್ತು. ಮೂರನೆಯದರಲ್ಲಿ ಹಿಗ್ಗುತ್ತಾ ಹೋಗಿ ಕಡೆಯ ಕಂತು ಒಂದು ಗಂಟೆ ದಾಟಿತು. ‘ಸರ್, ಬಟ್ಟೆ ಮಿಕ್ಕಿದೆ ಎಂದು ಕಾಲು ಉದ್ದ ಬಿಟ್ಟು ಹೊಲಿದರೆ ತೊಟ್ಟವನು ಎಡವಿ ಬೀಳುತ್ತಾನೆ’ ಎಂದರು. ಮಾತು ಸರಿ. ಹಾಸ್ಯಕ್ಕೂ ಒಂದು ಅಳತೆ ಇದೆ. ನಗು ಬರುವ ಹೊತ್ತಿಗೆ ಕತ್ತರಿಸಬೇಕು, ನಕ್ಕು ಮುಗಿಸಿ ಬೆವರು ಒರೆಸಿಕೊಳ್ಳುವವರೆಗೆ ಕ್ಯಾಮೆರಾ ಕಾಯುತ್ತ ನಿಂತಿರಬಾರದು.

ಉದ್ದವಾದ ಜಾಗದಲ್ಲಿ ಏನು ತುಂಬಿದರು ಎಂಬುದು ಮುಂದಿನ ಜಗಳ. ಝಾವಾ ಎಂಬ ಮಹಾ ಆಟಗಾರ ಬರುತ್ತಾನೆ. ಅವನ ಕಾಲಿಗೆ ಬಿದ್ದ ಚೆಂಡೆಲ್ಲ ಗೋಲು. ತಂಡ ಗೆಲ್ಲುತ್ತದೆ, ಗೆಲ್ಲುತ್ತದೆ, ಆಮೇಲೆ ಅವನು ಒಂದು ದಿನ ನಿವೃತ್ತಿ ಘೋಷಿಸಿ ಮನೆಗೆ ಹೋಗುತ್ತಾನೆ. ‘ಇವನು ಯಾಕೆ ಬಂದ, ಯಾಕೆ ಹೋದ?’ ಎಂದು ಮೊಮ್ಮಗ. ಅವನಿಗೆ ಒಪ್ಪಿಗೆಯಾಗಲಿಲ್ಲ, ನನಗೆ ಆಯಿತು. ನಾನು ಅಂಥವರನ್ನು ನೋಡಿದ್ದೇನೆ. ಒಬ್ಬನೇ ಹುಡುಗ ಎಲ್ಲ ಸ್ಮ್ಯಾಶ್ ಹೊಡೆಯುತ್ತಾನೆ, ಉಳಿದ ಐವರು ಅವನಿಗೆ ಚೆಂಡು ಎತ್ತಿಕೊಡುವ ಕೂಲಿಗಳಾಗುತ್ತಾರೆ. ಅವನಿಗೆ ಜ್ವರ ಬಂದ ದಿನ ತಂಡವೇ ಮಲಗುತ್ತದೆ. ಝಾವಾ ಹೋದ ಮೇಲೆ ಟೆಡ್‌ಗೆ ಆಮ್‌ಸ್ಟರ್‌ಡಾಮ್‌ನಲ್ಲಿ ಒಂದು ಹೊಳಹು ಸಿಗುತ್ತದೆ. ‘ಟೋಟಲ್ ಫುಟ್‌ಬಾಲ್’ ಎಂಬ ಪದ್ಧತಿ. ಯಾವ ಆಟಗಾರನೂ ಒಂದೇ ಜಾಗಕ್ಕೆ ಕಟ್ಟುಬೀಳದೆ, ಒಬ್ಬ ಮುನ್ನುಗ್ಗಿದರೆ ಅವನ ಜಾಗವನ್ನು ಇನ್ನೊಬ್ಬ ತುಂಬುವ ಆಟ. 1970ರ ದಶಕದಲ್ಲಿ ರೀನಸ್ ಮಿಹೆಲ್ಸ್ ಎಂಬ ತರಬೇತುದಾರ, ಯೋಹಾನ್ ಕ್ರೈಫ್ ಎಂಬ ಆಟಗಾರ ಇದನ್ನು ಜಗತ್ತಿಗೆ ತೋರಿಸಿದವರು. ನಾನು ಸೊಸೆಗೆ ಹೇಳಿದೆ: ಇದಕ್ಕೆ ಹಾಲೆಂಡಿಗೆ ಯಾಕೆ ಹೋಗಬೇಕಿತ್ತು? ವಾಲಿಬಾಲ್‌ನಲ್ಲಿ ಆರೂ ಜನ ತಿರುಗುತ್ತಲೇ ಇರುತ್ತಾರೆ, ನೆಟ್ಟಿನ ಹತ್ತಿರ ಮೆರೆದವನು ಮೂರು ಸುತ್ತಿಗೆ ಹಿಂದೆ ನಿಂತು ಚೆಂಡು ಎತ್ತಲೇಬೇಕು.

ಫುಟ್‌ಬಾಲಿನ ಇನ್ನೊಂದು ನಿಯಮವನ್ನು ಹೊಲಿಗೆಯವರಿಗೆ ಬಿಡಿಸಿ ಹೇಳಬೇಕಾಯಿತು. ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ, ತಲಾ 38 ಪಂದ್ಯ. ಕಡೆಯ ಮೂರು ತಂಡಗಳನ್ನು ಕೆಳಗಿನ ದರ್ಜೆಗೆ ತಳ್ಳುತ್ತಾರೆ. ನಮ್ಮ ಪ್ರೊ ಕಬಡ್ಡಿಯಲ್ಲಿ ಕೊನೆಗೆ ನಿಂತ ತಂಡವೂ ಮುಂದಿನ ವರ್ಷ ಅದೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂರುತ್ತದೆ. ಅಲ್ಲಿ ಹಾಗಿಲ್ಲ. ರಿಚ್ಮಂಡ್ ಮೊದಲ ಸೀಸನ್ನಿನ ಕೊನೆಗೆ ಕೆಳಗೆ ಬಿತ್ತು, ಎರಡನೆಯದರ ಕೊನೆಗೆ ಮೇಲೆ ಬಂತು. ಮೂರನೆಯದರಲ್ಲಿ ಪ್ರಶಸ್ತಿಗೇ ಕೈಚಾಚಿತು. ಕಡೆಯ ಪಂದ್ಯದಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ ಎರಡು ಗೋಲು ಹಿಂದೆ ಬಿದ್ದು ಗೆದ್ದರೂ ಪ್ರಶಸ್ತಿ ಮ್ಯಾಂಚೆಸ್ಟರ್ ಸಿಟಿಗೆ ಹೋಗುತ್ತದೆ. ಎರಡನೆಯ ಸ್ಥಾನ. ನನಗೆ ಆ ಲೆಕ್ಕ ಹಿಡಿಸಿತು.

ಮೊಮ್ಮಗನಿಗೆ ಹಿಡಿಸಲಿಲ್ಲ. ನಾಯಕ ಐಸಾಕ್ ಒದ್ದ ಪೆನಾಲ್ಟಿ ಬಲೆಯನ್ನೇ ಹರಿದುಕೊಂಡು ಹೋಗುವುದು ಅವನಿಗೆ ತೀರಾ ಅತಿಯಾಯಿತು. ‘ಇದು ಸಿನಿಮಾ ತಾತ’ ಎಂದ. ಈ ಮಾತು ಹೇಳಿದ್ದು ಮೇ 31ರ ರಾತ್ರಿ. ಅದಕ್ಕೆ ಎರಡು ರಾತ್ರಿ ಹಿಂದೆ ಅದೇ ಹುಡುಗನಿಗೆ ನಿದ್ದೆಯಿಲ್ಲ. ಅಹಮದಾಬಾದಿನಲ್ಲಿ ಮಳೆಯಿಂದ ಒಂದು ದಿನ ಮುಂದೆ ಹೋಗಿ, ಮಧ್ಯರಾತ್ರಿ ದಾಟಿ 30ರ ಬೆಳಗಿನ ಜಾವಕ್ಕೆ ಮುಗಿದ ಐಪಿಎಲ್ ಫೈನಲ್ ನೋಡಿ ಕಣ್ಣು ಕೆಂಪಾಗಿತ್ತು. ಕಡೆಯ ಎರಡು ಚೆಂಡಿಗೆ ಹತ್ತು ರನ್ ಬೇಕಾಗಿದ್ದಾಗ ಜಡೇಜ ಒಂದು ಸಿಕ್ಸರ್, ಒಂದು ಬೌಂಡರಿ ಹೊಡೆದು ಚೆನ್ನೈಗೆ ಕಪ್ ಕೊಟ್ಟಿದ್ದರು. ‘ಅದನ್ನು ಯಾರಾದರೂ ಬರೆದು ತಂದಿದ್ದರೆ ನೀನು ಹರಿದು ಬಿಸಾಡುತ್ತಿದ್ದೆ’ ಎಂದೆ. ಆಟಕ್ಕೆ ಎಲ್ಲ ಮಾಫಿ, ಕಥೆಗೆ ಮಾತ್ರ ಲೆಕ್ಕಪತ್ರ ಕೇಳುತ್ತೇವೆ. ಆದರೆ ಹುಡುಗನೂ ಸೋಲಲಿಲ್ಲ. ‘ಜಡೇಜ ಹೊಡೆಯುತ್ತಾರೆಂದು ಜಡೇಜಾಗೂ ಗೊತ್ತಿರಲಿಲ್ಲ, ಬರೆದವರಿಗೆ ಗೊತ್ತಿತ್ತಲ್ಲ’ ಎಂದ. ಉತ್ತರ ಹೊಳೆಯದೆ ನಾನು ಮಿರ್ಚಿ ತಿಂದೆ.

ಕೀಲಿ ಎಂಬ ಹುಡುಗಿಯ ಬಗ್ಗೆ ಬಂದ ಜಗಳದಲ್ಲಿ ಸೊಸೆ ಒಬ್ಬಳೇ ನಿಂತು ಗೆದ್ದಳು. ಅವಳ ಹಳೆಯ ಪ್ರೇಮಿಗಳಾದ ರಾಯ್, ತಂಡದ ಆಟಗಾರ ಜೇಮಿ ಇಬ್ಬರೂ ಹೊಡೆದಾಡಿಕೊಂಡು ಬಂದು ‘ನಮ್ಮಲ್ಲಿ ಯಾರು ಬೇಕು ಆರಿಸು’ ಎಂದು ಕೇಳಿದರೆ, ಅವಳು ಇಬ್ಬರನ್ನೂ ಹೊರಗೆ ಅಟ್ಟುತ್ತಾಳೆ. ಗಂಡಸರಾದ ನಾವು ಮೂವರೂ, ಇಷ್ಟು ದೂರ ಕರೆತಂದು ಒಂದು ತೀರ್ಮಾನ ಬೇಡವೇ ಎಂದೆವು. ‘ಅದೇ ತೀರ್ಮಾನ’ ಎಂದು ಅವಳು ತಟ್ಟೆ ಎತ್ತಿಕೊಂಡು ಕೆಳಗೆ ಹೋದಳು. ರೆಬೆಕಾ ಕ್ಲಬ್ಬಿನ 49 ಪ್ರತಿಶತ ಪಾಲನ್ನು ಅಭಿಮಾನಿಗಳಿಗೆ ಮಾರುವುದು ಮಾತ್ರ ಎಲ್ಲರಿಗೂ ಸರಿಬಂತು. ಸಹಕಾರ ಸಂಘದ ಷೇರುದಾರರಾಗಿ ವಾರ್ಷಿಕ ಸಭೆಯಲ್ಲಿ ಕೈ ಎತ್ತಿದವರಿಗೆ ಅದು ಹೊಸ ವಿಷಯವೇನಲ್ಲ. ಆ ಸಭೆಗಳಲ್ಲಿ ಏನಾಗುತ್ತದೆ ಎಂದು ಗೊತ್ತಿರುವುದರಿಂದ ರಿಚ್ಮಂಡ್ ಬಗ್ಗೆ ಸ್ವಲ್ಪ ಅಂಜಿಕೆಯೂ ಆಯಿತು.

ಈಗ ನನ್ನ ದೂರಿಗೆ ಬರುತ್ತೇನೆ. ಅದು ನೇಟ್‌ನದು.

ನೇಟ್ ಮೊದಲು ತಂಡದ ಬಟ್ಟೆ-ಬೂಟು ನೋಡಿಕೊಳ್ಳುವ ಹುಡುಗ. ಅವನ ಹೆಸರನ್ನೂ ಯಾರೂ ಕೇಳಿರುವುದಿಲ್ಲ. ಟೆಡ್ ಕೇಳುತ್ತಾನೆ. ಆಟದ ತಲೆ ಇದೆಯೆಂದು ಗುರುತಿಸಿ ಸಹಾಯಕ ಕೋಚ್ ಮಾಡುತ್ತಾನೆ. ಎರಡನೆಯ ಸೀಸನ್ನಿನಲ್ಲಿ ಅದೇ ನೇಟ್‌ಗೆ ಹೊಟ್ಟೆಕಿಚ್ಚು ಹತ್ತುತ್ತದೆ. ಟೆಡ್‌ಗೆ ಪಂದ್ಯದ ನಡುವೆ ಎದೆ ಬಡಿತ ಏರಿ ಉಸಿರುಕಟ್ಟುವ ಭಯ ಕಾಡುತ್ತಿರುತ್ತದೆ. ಆ ಗುಟ್ಟನ್ನು ನೇಟ್ ಪತ್ರಿಕೆಯವನಿಗೆ ಹೇಳಿಬಿಡುತ್ತಾನೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಟೆಡ್ ಅಂಟಿಸಿದ್ದ ಹಳದಿ ಹಾಳೆಯನ್ನು, ‘ನಂಬು’ ಎಂದು ಕೈಯಲ್ಲಿ ಬರೆದ ಹಾಳೆಯನ್ನು, ಹರಿದು ಶತ್ರು ತಂಡ ವೆಸ್ಟ್ ಹ್ಯಾಮ್ ಸೇರುತ್ತಾನೆ. ಅದರ ಯಜಮಾನ ಯಾರು? ರೆಬೆಕಾಳ ಹಳೆಯ ಗಂಡ. ಇಂಥ ದ್ರೋಹ ಮಾಡಿದವನು ಮೂರನೆಯ ಸೀಸನ್ನಿನಲ್ಲಿ ಹೇಗೆ ತಿರುಗಿ ಬರುತ್ತಾನೆ? ಅದಕ್ಕಾಗಿಯೇ ನಾನು ಹನ್ನೆರಡು ಬುಧವಾರ ಮಾಳಿಗೆ ಹತ್ತಿದ್ದು.

ಅವನು ವೆಸ್ಟ್ ಹ್ಯಾಮ್ ಬಿಟ್ಟದ್ದನ್ನು ತೋರಿಸಲೇ ಇಲ್ಲ. ಒಂದು ಕಂತಿನಲ್ಲಿ ಅಲ್ಲಿದ್ದ, ಮುಂದಿನದರಲ್ಲಿ ಅಪ್ಪಅಮ್ಮನ ಮನೆಯಲ್ಲಿ ಮುಸುಕು ಹಾಕಿಕೊಂಡು ಮಲಗಿದ್ದ. ಯಜಮಾನನ ಎದುರು ನಿಂತು ‘ನಾನು ಇಲ್ಲಿರಲಾರೆ’ ಎಂದ ಗಳಿಗೆ ಪರದೆಯ ಹಿಂದೆ ನಡೆದುಹೋಯಿತು. ಆಮೇಲೆ ಒಂದು ಹೋಟೆಲಿನಲ್ಲಿ ತಟ್ಟೆ ಹಿಡಿದು ಓಡಾಡುತ್ತಿದ್ದವನನ್ನು ಹಳೆಯ ಆಟಗಾರರೇ ಬಂದು ಕರೆಯುತ್ತಾರೆ. ಕೊನೆಗೆ ಅಳುತ್ತ ಟೆಡ್‌ನ ಕ್ಷಮೆ ಕೇಳುತ್ತಾನೆ, ಅಪ್ಪುಗೆ ಸಿಗುತ್ತದೆ. ಟೆಡ್‌ನ ಜೊತೆಗಾರ ಕೋಚ್ ಬಿಯರ್ಡ್, ತಾನೂ ಒಮ್ಮೆ ಟೆಡ್‌ಗೆ ಮೋಸ ಮಾಡಿ ಕ್ಷಮೆ ಪಡೆದವನೆಂದು ನೇಟ್‌ನ ಬಾಗಿಲಿಗೆ ಬಂದು ಹೇಳುವ ದೃಶ್ಯವಿದೆ. ಅದೊಂದು ಮಾತ್ರ ಮೈ ತುಂಬಿದ ದೃಶ್ಯ. ಉಳಿದದ್ದನ್ನು ನಾವೇ ತುಂಬಿಕೊಳ್ಳಬೇಕು.

‘ಎಲ್ಲವನ್ನೂ ತೋರಿಸಬೇಕೇ ಮಾವ?’ ಎಂದಳು ಸೊಸೆ. ಎಲ್ಲವನ್ನೂ ಬೇಡ. ಆದರೆ ನಾನು ಬಯಲಾಟದ ಊರಿನಲ್ಲಿ ಹುಟ್ಟಿದವನು. ಸಿರುಗುಪ್ಪದ ಕಡೆಯ ನಮ್ಮ ಹಳ್ಳಿಯಲ್ಲಿ ಭತ್ತದ ಸುಗ್ಗಿ ಮುಗಿದ ಮೇಲೆ ರಾತ್ರಿಯಿಡೀ ಆಟ. ಒಂದು ಸಲ ಭೀಮ ದುರ್ಯೋಧನರ ಪ್ರಸಂಗ. ಕರ್ಣನ ಪಾತ್ರಧಾರಿಗೆ ಕಂಠ ಚೆನ್ನಾಗಿತ್ತು, ಜನ ಒನ್ಸ್‌ಮೋರ್ ಎಂದರು, ಅವನು ಹಾಡಿದ್ದೇ ಹಾಡಿದ. ಅಷ್ಟರಲ್ಲಿ ಮೂಡಣ ಬೆಳ್ಳಗಾಯಿತು. ಭಾಗವತರು ಅವಸರಕ್ಕೆ ಬಿದ್ದು, ಕೌರವ ಕೊಳದಲ್ಲಿ ಅಡಗಿದ, ಭೀಮ ತೊಡೆ ಮುರಿದ ಎಂದು ಎರಡು ಮಾತಿನಲ್ಲಿ ಮುಗಿಸಿ ಮಂಗಳಕ್ಕೆ ಹೊರಟರು. ಮುಂದೆ ಕಂಬಳಿ ಹೊದ್ದು ಕುಳಿತಿದ್ದ ಹಿರಿಯರೊಬ್ಬರು ಎದ್ದು ನಿಂತರು. ‘ಕೊಳದಿಂದ ಕೌರವನನ್ನು ಎಬ್ಬಿಸದೆ ಮಂಗಳ ಹಾಡಬೇಡಿರಿ’ ಎಂದರು. ಕಿರೀಟ ಬಿಚ್ಚಿ ಬೀಡಿ ಸೇದುತ್ತಿದ್ದ ದುರ್ಯೋಧನ ಮತ್ತೆ ಕಿರೀಟ ಕಟ್ಟಿಕೊಂಡ. ಬೆಳಗಿನ ಬಿಸಿಲಿನಲ್ಲಿ, ಬೆವರಿಗೆ ಬಣ್ಣ ಇಳಿಯುತ್ತಿರುವಾಗ, ಭೀಮನ ಮೂದಲಿಕೆ ತಾಳಲಾರದೆ ಅವನು ನೀರಿನಿಂದ ಎದ್ದು ಬಂದ. ಎತ್ತಿಗೆ ಮೇವು ಹಾಕುವ ಹೊತ್ತು ಮೀರಿತ್ತು, ಒಬ್ಬರೂ ಕದಲಲಿಲ್ಲ.

ಇದನ್ನು ಹೇಳಿದಾಗ ಹೊಲಿಗೆಯವರು, ‘ನೇಟ್ ಕೊಳದಲ್ಲೇ ಉಳಿದ ಅನ್ನಿ’ ಎಂದರು. ಹೌದು.

ನನ್ನ ಹಟಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಮಾಳಿಗೆಯಲ್ಲಿ ಹೇಳಿರಲಿಲ್ಲ. ನನ್ನ ವಾಲಿಬಾಲ್ ತಂಡದಲ್ಲಿ ಒಬ್ಬ ಹುಡುಗನಿದ್ದ. ಮೊದಲು ಅವನ ಕೆಲಸ ಸಂಜೆ ನೆಟ್ ಕಟ್ಟುವುದು, ಬಿಚ್ಚುವುದು, ಚೆಂಡಿಗೆ ಗಾಳಿ ತುಂಬುವುದು. ಬೆರಳುಗಳಲ್ಲಿ ಮೆದುತನವಿತ್ತು, ಚೆಂಡು ಅವನ ಕೈಯಿಂದ ಸದ್ದಿಲ್ಲದೆ ಏಳುತ್ತಿತ್ತು. ಎರಡು ವರ್ಷ ತಿದ್ದಿದೆ. ತಾಲ್ಲೂಕು ಪಂದ್ಯಕ್ಕೆ ತಿಂಗಳಿರುವಾಗ ಇನ್ನೊಂದು ಶಾಲೆಯವರು ಬೂಟು, ಊಟದ ಆಸೆ ತೋರಿಸಿ ಕರೆದರು. ಹೋದ. ನಮ್ಮಲ್ಲಿ ಯಾರ ಎಡಗೈ ದುರ್ಬಲ, ಯಾರು ಉದ್ದದ ಸರ್ವಿಸಿಗೆ ತಡಬಡಿಸುತ್ತಾರೆ ಎಂಬುದೆಲ್ಲ ಅವನ ಜೊತೆಗೇ ಹೋಯಿತು. ನೇರ ಎರಡು ಸೆಟ್ ಸೋತೆವು.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಅವನು ಗೇಟಿನಲ್ಲಿ ಕಾಣಿಸಿದ. ಗೇಟಿನಿಂದ ಅಂಕಣಕ್ಕೆ ನೂರೈವತ್ತು ಹೆಜ್ಜೆ ಇರಬಹುದು. ಅರ್ಧ ಗಂಟೆ ತೆಗೆದುಕೊಂಡ. ನಲ್ಲಿಯ ಹತ್ತಿರ ನಿಂತು ನೀರು ಕುಡಿದ. ಬೇವಿನ ಮರದ ಕೆಳಗೆ ಕೂತು ಚಪ್ಪಲಿಯ ಬಾರು ಬಿಚ್ಚಿ ಹಾಕಿದ. ಮತ್ತೆ ಹೋಗಿ ನೀರು ಕುಡಿದ. ನಾನು ಚೆಂಡಿಗೆ ಗಾಳಿ ತುಂಬುವವನಂತೆ ಪಂಪು ಒತ್ತುತ್ತಿದ್ದೆ. ಚೆಂಡು ಕಲ್ಲಿನ ಹಾಗಾಗಿತ್ತು. ಹುಡುಗರು ಆಟ ನಿಲ್ಲಿಸಿರಲಿಲ್ಲ, ಆದರೆ ಒಬ್ಬರ ಬಾಯಿಂದಲೂ ಮಾತಿಲ್ಲ. ಹತ್ತಿರ ಬಂದವನು ನನ್ನ ಮುಖ ನೋಡಲಿಲ್ಲ, ನೆಟ್ ನೋಡಿದ. ಅವನು ಹೋದ ಮೇಲೆ ಯಾರೂ ಅದನ್ನು ಸರಿಯಾಗಿ ಕಟ್ಟಿರಲಿಲ್ಲ, ನಡುವೆ ಜೋಲುಬಿದ್ದಿತ್ತು. ಕಂಬದ ಹತ್ತಿರ ಹೋಗಿ ಹಗ್ಗ ಬಿಗಿಯತೊಡಗಿದ.

‘ಎಡಗಡೆ ಇನ್ನೂ ಸಡಿಲಿದೆ’ ಎಂದೆ. ನಮ್ಮಿಬ್ಬರ ನಡುವೆ ಆದ ಮಾತು ಅಷ್ಟೇ. ನಮ್ಮ ತಂಡದ ನಾಯಕ ಮಾತ್ರ ತಿಂಗಳುಗಟ್ಟಲೆ ಅವನು ಎತ್ತಿಕೊಟ್ಟ ಚೆಂಡನ್ನು ಹೊಡೆಯುತ್ತಿರಲಿಲ್ಲ, ಬೇಕೆಂದೇ ಆಚೆಗೆ ತಳ್ಳಿ ಅಂಕ ಕಳೆಯುತ್ತಿದ್ದ. ನಾನು ತಡೆಯಲಿಲ್ಲ. ಅವನಿಗೂ ತನ್ನ ಸಿಟ್ಟು ಮುಗಿಸಲು ಸಮಯ ಬೇಕಿತ್ತು. ನೇಟ್‌ನನ್ನು ಕರೆಯಲು ಹೋದ ರಿಚ್ಮಂಡ್‌ನ ಹುಡುಗರಿಗೆ ಆ ಸಮಯವನ್ನೂ ಬರೆದವರು ಕೊಡಲಿಲ್ಲ. ಝಾವಾಗೆ ಕೊಟ್ಟದ್ದರಲ್ಲಿ ಕಾಲು ಭಾಗ ಸಾಕಿತ್ತು.

ಟೆಡ್‌ ಊರಿಗೆ ಮರಳಿದ್ದರ ಬಗ್ಗೆ ನನಗೆ ತಕರಾರಿಲ್ಲ. ಅವನ ಮಗ ಕಾನ್ಸಸ್‌ನಲ್ಲಿದ್ದಾನೆ, ಅಪ್ಪ ಲಂಡನ್ನಿನಲ್ಲಿ ಊರ ಮಕ್ಕಳನ್ನೆಲ್ಲ ತಿದ್ದುತ್ತಿದ್ದಾನೆ. ಊರ ಮಕ್ಕಳ ಆಟದಲ್ಲಿ ಮುಳುಗಿ ಸ್ವಂತ ಮಗನ ಶಾಲೆಯ ಕ್ರೀಡಾಕೂಟಕ್ಕೆ ಒಂದು ಸಲವೂ ಹೋಗದ ಪಿ.ಟಿ. ಸರ್ ಒಬ್ಬರನ್ನು ನಾನು ಬಲ್ಲೆ. ಕನ್ನಡಿಯಲ್ಲಿ ದಿನಾ ನೋಡುತ್ತೇನೆ. ಅದಕ್ಕೇ ಟೆಡ್ ವಿಮಾನ ಹತ್ತಿದಾಗ ನಮ್ಮ ಮಾಳಿಗೆಯಲ್ಲಿ ಅವನ ಪರ ನಿಂತವನು ನಾನೊಬ್ಬನೇ. ವಿಮಾನದಲ್ಲಿ ಕೂತ ಮೇಲೆ ಎಲ್ಲರೂ ಸುಖವಾಗಿರುವ ದೃಶ್ಯಗಳು ಸಾಲಾಗಿ ಬರುತ್ತವಲ್ಲ, ಅವು ನಿಜವೋ ಟೆಡ್ ಕಂಡ ಕನಸೋ ಎಂದು ಮೊಮ್ಮಗ ಹೊಸ ಗಂಟು ಹಾಕಿದ. ಅದನ್ನು ಬಿಚ್ಚಲು ಕೂತರೆ ಬಾನುಲಿಯವರು ಕೊಟ್ಟ ಹೊತ್ತು ಮುಗಿಯುತ್ತದೆ.

ಇಷ್ಟಾದ ಮೇಲೆ 2025ರ ಮಾರ್ಚ್‌ನಲ್ಲಿ ಸುದ್ದಿ ಬಂತು. ನಾಲ್ಕನೆಯ ಸೀಸನ್ ಮಾಡುತ್ತಾರೆ, ಟೆಡ್ ಈ ಸಲ ಹೆಣ್ಣುಮಕ್ಕಳ ತಂಡಕ್ಕೆ ಕೋಚ್. ಹೊಲಿಗೆಯವರು ಕೆರಳಿದರು. ‘ಅಂಗಡಿ ಬಂದ್ ಎಂದು ಬೋರ್ಡು ನೇತುಹಾಕಿ ಹಿಂಬಾಗಿಲಲ್ಲಿ ವ್ಯಾಪಾರವೇ ಸರ್? ನಾವು ಕೊನೆಯದೆಂದು ತಾನೇ ಅಷ್ಟು ಕಿತ್ತಾಡಿದ್ದು!’ ಮೊಮ್ಮಗನ ಕನಸಿನ ಸಿದ್ಧಾಂತಕ್ಕೆ ಹೊಸ ಜೀವ ಬಂತು. ಸೊಸೆ ಮಾತ್ರ ಖುಷಿಯಾಗಿದ್ದಳು. ‘ಹುಡುಗಿಯರ ತಂಡಕ್ಕೆ ಕೋಚ್ ಆಗುವುದು ಎಷ್ಟು ಕಷ್ಟ ಎಂದು ಅವನಿಗೂ ತಿಳಿಯಲಿ ಮಾವ. ಅಭ್ಯಾಸ ಮುಗಿಯುವಷ್ಟರಲ್ಲಿ ಕತ್ತಲಾದರೆ ಮನೆಗೆ ಯಾರು ಬಿಡುತ್ತಾರೆ ಎನ್ನುವುದರಿಂದ ಶುರುವಾಗುತ್ತದೆ ಅದು’ ಎಂದಳು. ಆಟ ಬಿಟ್ಟು ಎಷ್ಟೋ ವರ್ಷವಾದರೂ ಅವಳ ಮಾತಿಗೆ ಇನ್ನೂ ಖೋ ಸಿಕ್ಕೊಡನೆ ಹಾರುವ ಚುರುಕಿದೆ.

ಆ ಸೀಸನ್ನಿನ ಮೊದಲ ಕಂತನ್ನೂ ಮಾಳಿಗೆಯಲ್ಲೇ ನೋಡುವುದೆಂದು ಗೊತ್ತಾಗಿದೆ. ಕೊನೆಯದೆಂದು ಇನ್ನು ಯಾವುದನ್ನೂ ನಂಬುವುದಿಲ್ಲ ಎಂದು ಹೊಲಿಗೆಯವರು ಶಪಥ ಮಾಡಿದ್ದಾರೆ. ಹಾಗಾಗಿ ಒಗ್ಗರಣೆ, ಮಿರ್ಚಿ ಈ ಸಲ ನಾನೇ ತರಬೇಕಂತೆ.

ನಮಸ್ಕಾರ.